ಚೀಟಿಯಲ್ಲಿ ಬಂದ ಊರು

ಅಖ್ತರಿ ನದಾಫ ಇಂಗ್ಲಿಷ್ ಕಲಿಯಲು ಹೋದದ್ದು ಮಗಳ ಮೇಲಿನ ಅನುಮಾನದಿಂದ. 1997ರ ನವೆಂಬರಿನಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ವೆಸ್ಟ್ ಬ್ಲೂಮ್‌ಫೀಲ್ಡಿನ ಶಾಲೆಯಲ್ಲಿ ತಂದೆತಾಯಿಯರನ್ನು ಕರೆಸಿದ್ದರು. ಲುಬ್ನಾಳ ಟೀಚರು ಮೂರು ನಿಮಿಷ ಬಿಡದೆ ಮಾತಾಡಿದರು. ಲುಬ್ನಾ ಅದನ್ನೆಲ್ಲ ತಾಯಿಗೆ, ‘ಚಲೋ ಓದತೇನಂತ’ ಎಂದು ಎರಡು ಮಾತಿನಲ್ಲಿ ಮುಗಿಸಿದಳು. ಟೀಚರ ಮುಖ ನೋಡಿದರೆ ವಿಷಯ ಅಷ್ಟು ಚಿಕ್ಕದಾಗಿರಲಿಲ್ಲ. ಅಖ್ತರಿ ಮರುವಾರ ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ತರಗತಿಯೊಂದಕ್ಕೆ ಹೆಸರು ಬರೆಸಿದಳು.

ಆಗ ಅವಳಿಗೆ ಮೂವತ್ತೆಂಟು ವರ್ಷ. ಗದಗ ಹತ್ತಿರದ ಮುಳಗುಂದದವಳು. ಅಲ್ಲಿ ಏಳನೆಯ ಇಯತ್ತೆಗೆ ಶಾಲೆ ಬಿಡಿಸಿದ್ದರು. ಗಂಡ ನಜೀರನ ಮನೆಯವರು ತಲೆಮಾರುಗಳಿಂದ ಅರಳೆ ಹಿಂಜಿ ಗಾದಿ ಹೊಲಿಯುವವರು. ಆ ಕಡೆಯ ಬಹಳಷ್ಟು ನದಾಫರಂತೆ ಮನೆಮಾತು ಕನ್ನಡವೇ. ನಜೀರ್ ಅದೇ ಕೆಲಸ ಹಿಡಿದು ಬಹ್ರೇನಿಗೆ ಹೋದ, ಹೋಟೆಲುಗಳ ಕುರ್ಚಿ, ಸೋಫಾಗಳಿಗೆ ಬಟ್ಟೆ ಹಾಕಿದ, ಕೊನೆಗೆ ಮೊದಲೇ ಅಮೆರಿಕದಲ್ಲಿದ್ದ ಅಣ್ಣನ ಅರ್ಜಿಯ ಮೇಲೆ 1988ರಲ್ಲಿ ಮಿಶಿಗನ್ನಿಗೆ ಬಂದ. ಫಾರ್ಮಿಂಗ್ಟನ್ನಿನಲ್ಲಿ, ಗ್ರ್ಯಾಂಡ್ ರಿವರ್ ರಸ್ತೆಯ ಮೇಲೆ, ಹಳೆಯ ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವ ಅಂಗಡಿ ಇಟ್ಟ. ಅಖ್ತರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಯುತ್ತಿದ್ದಳು. ಗಿರಾಕಿಗಳ ಜೊತೆ ಮಾತು ನಜೀರನದು.

ತರಗತಿ ಮಂಗಳವಾರ ಮತ್ತು ಗುರುವಾರ ಬೆಳಗ್ಗೆ ಒಂಬತ್ತೂವರೆಗೆ. ಅಖ್ತರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಇವರಿದ್ದ ಅಪಾರ್ಟ್‌ಮೆಂಟ್ ಕಟ್ಟಡದಲ್ಲೇ ಇದ್ದ ಜಯಾ ಅವಳನ್ನು ಬಿಟ್ಟುಬರುತ್ತಿದ್ದಳು. ಜಯಾ ಮೈಸೂರಿನವಳು, ಎಂ.ಎಸ್ಸಿ. ಮಾಡಿದವಳು, ಗಂಡ ಶ್ಯಾಮ್ ಕೆಲಸದ ವೀಸಾ ಮೇಲೆ ಬಂದಿದ್ದ, ಅವಳ ವೀಸಾಕ್ಕೆ ಕೆಲಸ ಮಾಡುವ ಹಕ್ಕಿರಲಿಲ್ಲ. ಅಖ್ತರಿಯನ್ನು ತರಗತಿಗೆ ಬಿಟ್ಟು ಜಯಾ ಪಕ್ಕದ ಲೈಬ್ರರಿಯಲ್ಲಿ ಕೂರುತ್ತಿದ್ದಳು. ದಾರಿಯಲ್ಲಿ ಇಬ್ಬರೂ ತಮ್ಮ ತಮ್ಮ ಕನ್ನಡದಲ್ಲಿ ಮಾತಾಡುತ್ತಿದ್ದರು. ಒಬ್ಬಳ ಕನ್ನಡಕ್ಕೆ ಇನ್ನೊಬ್ಬಳು ಮೊದಮೊದಲು ನಗುತ್ತಿದ್ದಳು, ಆಮೇಲೆ ರೂಢಿಯಾಯಿತು.

ಒಂದು ವರ್ಷದಲ್ಲಿ ಅಖ್ತರಿ ಮೂರನೆಯ ಹಂತಕ್ಕೆ ಬಂದಳು. ನಾಲ್ಕನೆಯ ಹಂತಕ್ಕೆ ಹೋಗಬೇಕಾದರೆ ತರಗತಿಯ ಮುಂದೆ ನಿಂತು ಐದು ನಿಮಿಷ ಮಾತಾಡಬೇಕಿತ್ತು. ಟೀಚರ ಹೆಸರು ಮಿಸೆಸ್ ಹಾರ್ಪರ್. ಅರವತ್ತರ ಹತ್ತಿರದ ಹೆಂಗಸು, ಯಾರ ಮೇಲೂ ದನಿ ಎತ್ತುತ್ತಿರಲಿಲ್ಲ, ಯಾವ ನಿಯಮವನ್ನೂ ಸಡಿಲ ಬಿಡುತ್ತಿರಲಿಲ್ಲ. 1998ರ ಅಕ್ಟೋಬರಿನಲ್ಲಿ ಅವರು ಕಾಫಿ ಡಬ್ಬದಲ್ಲಿ ಚೀಟಿಗಳನ್ನು ಹಾಕಿ ತಂದರು. ಒಂದೊಂದು ಚೀಟಿಯಲ್ಲಿ ಒಂದೊಂದು ಬಂದರಿನ ಹೆಸರು. ಇರಾಕಿನಿಂದ ಬಂದ ಹೆಂಗಸಿಗೆ ವೆನಿಸ್ ಬಂತು. ರಷ್ಯಾದ ಮುದುಕನಿಗೆ ರಿಯೋ ಬಂತು. ಅಖ್ತರಿಯ ಚೀಟಿಯಲ್ಲಿ ಇದ್ದದ್ದು ಗಾಥನ್‌ಬರ್ಗ್. ಅವಳು ಆ ಹೆಸರನ್ನು ಕೇಳಿರಲಿಲ್ಲ. ಮುಂಬಯಿ ಕೊಡಿ, ಒಮ್ಮೆ ಹೋಗಿದ್ದೇನೆ ಎಂದು ಕೇಳಿಕೊಂಡಳು. ಗೊತ್ತಿರುವುದನ್ನು ಬಾಯಿಪಾಠ ಮಾಡುತ್ತೀರಿ, ಗೊತ್ತಿಲ್ಲದ್ದನ್ನು ಹುಡುಕಿ ಹೇಳುವುದೇ ಪರೀಕ್ಷೆ ಎಂದರು ಮಿಸೆಸ್ ಹಾರ್ಪರ್.

ಮೊದಲು ಹುಡುಕಿಕೊಟ್ಟವಳು ಲುಬ್ನಾ. ಹದಿನಾಲ್ಕು ವರ್ಷದ ಅವಳು ಲೈಬ್ರರಿಯ ಕಂಪ್ಯೂಟರಿನಲ್ಲಿ ಹೆಸರು ಹೊಡೆದು, ಬಂದದ್ದನ್ನು ಪ್ರಿಂಟ್ ತೆಗೆದು ತಾಯಿಯ ಕೈಗಿತ್ತಳು. ಗಾಥನ್‌ಬರ್ಗ್ ನೆಬ್ರಾಸ್ಕ ರಾಜ್ಯದ ಒಂದು ಚಿಕ್ಕ ಊರು. ಸುತ್ತ ಮೆಕ್ಕೆಜೋಳದ ಹೊಲ. ಹಿಂದಿನ ಕಾಲದಲ್ಲಿ ಟಪಾಲು ಒಯ್ಯುವ ಸವಾರರು ಕುದುರೆ ಬದಲಾಯಿಸುತ್ತಿದ್ದ ಮರದ ಮನೆಯೊಂದನ್ನು ಅಲ್ಲಿಯ ಪಾರ್ಕಿನಲ್ಲಿ ಉಳಿಸಿದ್ದಾರೆ. ಅಖ್ತರಿ ಎರಡು ದಿನ ಇದನ್ನೇ ಓದಿದಳು, ಸವಾರರ ಬಗ್ಗೆ ಆರು ವಾಕ್ಯ ಬರೆದಳು. ಆದರೆ ಚೀಟಿಯ ಮೇಲಿನ ‘ಪೋರ್ಟ್’ ಎಂಬ ಪದ ಅವಳನ್ನು ಬಿಡಲಿಲ್ಲ. ಲುಬ್ನಾಳ ಭೂಗೋಳದ ಪುಸ್ತಕ ತೆಗೆದು, ಹೊಲಿಗೆಯ ದಾರ ಹಿಡಿದು, ಆ ಊರಿನಿಂದ ಸಮುದ್ರಕ್ಕೆ ಅಳೆದಳು. ಎಲ್ಲಿಂದ ಎಳೆದರೂ ಎಂಟುನೂರು ಮೈಲಿಗೆ ಕಡಿಮೆ ಬರಲಿಲ್ಲ.

“ಬಂದರು ಅಂದಮ್ಯಾಲ ನೀರು ಇರಬೇಕಲ್ಲ ಲುಬ್ನಾ,” ಎಂದಳು. “ಇಲ್ಲಿ ಬರೇ ಜ್ವಾಳ ಅದಾವ.”

“ದೇರ್ ಈಸ್ ಎ ರಿವರ್, ಮಾಮ್,” ಎಂದು ಲುಬ್ನಾ ತಲೆ ಎತ್ತದೆ ಹೇಳಿದಳು.

ಗುರುವಾರ ತರಗತಿ ಮುಗಿದ ಮೇಲೆ ಅಖ್ತರಿ ತಾನೇ ಲೈಬ್ರರಿಯ ಮೇಜಿಗೆ ಹೋಗಿ, ಹಡಗು ಬರುವ ಗಾಥನ್‌ಬರ್ಗ್ ಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಜಯಾ ದೂರದಲ್ಲಿ ಕೂತು ನೋಡುತ್ತಿದ್ದಳು, ಸಹಾಯಕ್ಕೆ ಬರಲಿಲ್ಲ. ಲೈಬ್ರರಿಯವಳು ವಿಶ್ವಕೋಶದ ಒಂದು ಸಂಪುಟ ಮತ್ತು ಸ್ವೀಡನ್ನಿನ ಮೇಲಿನ ಎರಡು ಪುಸ್ತಕ ತಂದಿಟ್ಟಳು. ಊರು ಸಿಕ್ಕಿತು. ಸ್ವೀಡನ್ನಿನ ಪಶ್ಚಿಮದ ದಂಡೆ, ಒಂದು ದೊಡ್ಡ ನದಿ ಸಮುದ್ರ ಸೇರುವ ಜಾಗ.

ಅಲ್ಲಿಂದ ಏಳು ವಾರ ಅಖ್ತರಿ ಆ ಊರನ್ನು ಓದಿದಳು. ಒಂದು ಪುಟಕ್ಕೆ ಒಂದು ಬೆಳಗು ಹಿಡಿಯುತ್ತಿತ್ತು. ಅರ್ಥವಾಗದ ಪದವನ್ನು ಜಯಾಳಿಗೆ ಕೇಳುತ್ತಿದ್ದಳು. ತಿಳಿದದ್ದನ್ನು ಅಂಗಡಿಯಲ್ಲಿ ಬಟ್ಟೆಯ ಮಾದರಿ ಅಂಟಿಸುವ ದಪ್ಪ ಕಾರ್ಡುಗಳ ಹಿಂದೆ ಕನ್ನಡದಲ್ಲಿ ಬರೆದಿಡುತ್ತಿದ್ದಳು. ಸ್ವೀಡನ್ನಿನ ರಾಜನೊಬ್ಬ 1621ರಲ್ಲಿ ಆ ಊರಿಗೆ ಸನದು ಕೊಟ್ಟ. ನೆಲ ಜೌಗಿನದು, ಒದ್ದೆ ಜೇಡಿಮಣ್ಣು. ಅಂಥ ನೆಲದಲ್ಲಿ ಊರು ಕಟ್ಟುವ ವಿದ್ಯೆ ಬಲ್ಲ ಡಚ್ಚರನ್ನು ಕರೆಸಿದರು. ಅವರು ತಮ್ಮ ದೇಶದಂತೆಯೇ ಕಾಲುವೆ ತೋಡಿದರು. ಮೊದಲ ಊರ ಸಭೆಯಲ್ಲಿ ಸ್ವೀಡನ್ನಿನವರ ಜೊತೆ ಡಚ್ಚರು, ಜರ್ಮನರು, ಸ್ಕಾಟ್‌ಲೆಂಡಿನವರು ಕೂತಿದ್ದರು. ಆ ಕರಾವಳಿಯಲ್ಲಿ ಹದಿನೆಂಟನೆಯ ಶತಮಾನದಲ್ಲಿ ಹೆರಿಂಗ್ ಮೀನು ಎಷ್ಟು ಬಂತೆಂದರೆ, ತಿಂದು ಉಳಿದದ್ದನ್ನು ಕುದಿಸಿ ಎಣ್ಣೆ ತೆಗೆದರು. ಆ ಎಣ್ಣೆ ಪ್ಯಾರಿಸ್ಸಿನ ಬೀದಿದೀಪಗಳಲ್ಲಿ ಉರಿಯಿತು ಎಂದು ಒಂದು ಪುಸ್ತಕ ಹೇಳಿತು. ಮೀನು ಮಾರುವ ಮನೆಯನ್ನು ಚರ್ಚಿನ ಆಕಾರದಲ್ಲಿ ಕಟ್ಟಿದ್ದಾರೆ ಎಂದೂ ಇತ್ತು. ಸ್ವೀಡನ್ ಬಿಟ್ಟು ಅಮೆರಿಕಕ್ಕೆ ಬಂದ ಹತ್ತು ಲಕ್ಷಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಆ ಬಂದರಿನಿಂದಲೇ ಹಡಗು ಹತ್ತಿದ್ದರು.

ಎಲ್ಲಕ್ಕಿಂತ ಹೆಚ್ಚಾಗಿ ಅವಳ ತಲೆಗೆ ಹತ್ತಿದ್ದು ಒಂದು ಹಡಗಿನ ಸಂಗತಿ. ಊರಿನ ಹೆಸರನ್ನೇ ಹೊತ್ತ ಆ ಹಡಗು ಚೀನಾಕ್ಕೆ ಹೋಗಿ, ಚಹಾ, ರೇಷ್ಮೆ, ಪಿಂಗಾಣಿ ತುಂಬಿಕೊಂಡು, ಎರಡೂವರೆ ವರ್ಷದ ನಂತರ 1745ರ ಸೆಪ್ಟೆಂಬರಿನಲ್ಲಿ ಮರಳಿತು. ಬಂದರಿನ ಬಾಯಿಯಲ್ಲಿ, ಮನೆಗೆ ಒಂದು ಮೈಲಿಯೂ ಉಳಿಯದಿದ್ದಾಗ, ಎಲ್ಲರಿಗೂ ಗೊತ್ತಿದ್ದ ಬಂಡೆಗೆ ಬಡಿದು ಮುಳುಗಿತು. ದಾರಿ ತೋರಿಸುವ ಸ್ಥಳೀಯ ನಾವಿಕ ಹಡಗಿನಲ್ಲೇ ಇದ್ದ. ಒಬ್ಬರೂ ಸಾಯಲಿಲ್ಲ. ಯಾಕೆ ಬಡಿಯಿತೆಂದು ಇವತ್ತಿಗೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅಖ್ತರಿ ಇದನ್ನು ಜಯಾಳಿಗೆ ಹೇಳಿದಳು, ನಜೀರನಿಗೆ ಹೇಳಿದಳು, ಅಂಗಡಿಯ ಹಿಂದಿನ ಕೋಣೆಗೆ ಫೋಮು ತಂದು ಹಾಕುವವನಿಗೂ ತನ್ನ ಇಂಗ್ಲಿಷಿನಲ್ಲಿ ಹೇಳಿ, ನಿನಗೇನನ್ನಿಸುತ್ತದೆ ಎಂದು ಕೇಳಿದಳು.

ನಜೀರ್ ಒಂದು ದಿನ, ಇದನ್ನು ಓದಿ ಆಗುವುದೇನು ಎಂದು ಕೇಳಿದ. ಕುರ್ಚಿಯ ಬಟ್ಟೆ, ಸ್ಪ್ರಿಂಗು, ಗಿರಾಕಿಗೆ ಹೇಳುವ ಮಾತು, ಇಂಥದ್ದನ್ನು ಕಲಿಸಿದರೆ ನಾಳೆ ಕೌಂಟರಿನಲ್ಲಿ ನಿಲ್ಲಬಹುದಿತ್ತು ಎಂಬುದು ಅವನ ಅಭಿಪ್ರಾಯ. ಉಪಯೋಗವಿಲ್ಲ ಎಂಬುದನ್ನು ಅಖ್ತರಿಯೂ ಒಪ್ಪಿದಳು. ಆದರೆ ಕಾರ್ಡುಗಳನ್ನು ಬರೆಯುವುದು ನಿಲ್ಲಿಸಲಿಲ್ಲ.

ಉಪಕಾರ ಆದದ್ದು ಕೊನೆಗೆ ನಜೀರನಿಂದಲೇ. ಬರ್ಮಿಂಗ್‌ಹ್ಯಾಮ್ ಉಪನಗರದ ಮುದುಕಿಯೊಬ್ಬಳು ಎತ್ತರದ ಬೆನ್ನಿನ ಕುರ್ಚಿಯೊಂದನ್ನು ಕೆಲಸಕ್ಕೆ ಕೊಟ್ಟಿದ್ದಳು. ಹೆಸರು ಮಿಸೆಸ್ ಲಾರ್ಸನ್. ಅವಳ ಮಾತಿನ ಧಾಟಿ ಬೇರೆ ಇದ್ದುದರಿಂದ ಯಾವ ಕಡೆಯವರು ಎಂದು ನಜೀರ್ ಫೋನಿನಲ್ಲಿ ಕೇಳಿದ. ಸ್ವೀಡನ್ ಎಂದಳು. ಅವನು ಊರಿನ ಹೆಸರು ಹೇಳಿ ವಿಚಾರಿಸಿದ. ಅದೇ ನಾನು ಹುಟ್ಟಿದ ಊರು ಎಂದಳಂತೆ. ಕುರ್ಚಿ ತಲುಪಿಸುವ ದಿನ ಅವನು ಅಖ್ತರಿಯನ್ನೂ ವ್ಯಾನಿನಲ್ಲಿ ಕರೆದೊಯ್ದ.

ಗುನ್‌ಹಿಲ್ಡ್ ಲಾರ್ಸನ್‌ಗೆ ಎಂಬತ್ತೊಂದು ವರ್ಷ. ಉದ್ದನೆಯ ಆಳು, ಬೆನ್ನು ಇನ್ನೂ ಬಾಗಿರಲಿಲ್ಲ. ಗಂಡ ಕಾರು ಕಂಪನಿಯೊಂದರಲ್ಲಿ ನಕ್ಷೆ ಬರೆಯುತ್ತಿದ್ದವನು, ಸತ್ತು ಎಂಟು ವರ್ಷವಾಗಿತ್ತು. ಮಗ ಶಿಕಾಗೋ ಹತ್ತಿರದ ಶಾಮ್‌ಬರ್ಗ್‌ನಲ್ಲಿದ್ದ. ಅವಳು ಕಾಫಿ ಕೊಟ್ಟು, ಏನು ಗೊತ್ತು ಹೇಳು ಎಂದಳು. ಅಖ್ತರಿ ಕಾರ್ಡುಗಳನ್ನು ತೆಗೆದು ಒಂದೊಂದಾಗಿ ಹೇಳತೊಡಗಿದಳು. ಮೊದಲ ವಾಕ್ಯಕ್ಕೇ ಮುದುಕಿ ಕೈ ಎತ್ತಿ ನಿಲ್ಲಿಸಿದಳು. ಊರಿನ ಹೆಸರು ಗಾಥನ್‌ಬರ್ಗ್ ಅಲ್ಲ, ಅದು ಇಂಗ್ಲಿಷರು ಇಟ್ಟುಕೊಂಡದ್ದು. ಅಲ್ಲಿಯವರು ಹೇಳುವುದು ಯೊತೆಬೊರ್ಯ್. ಅಖ್ತರಿ ಹೇಳಿದಳು. ಮುದುಕಿ ತಿದ್ದಿದಳು. ಮತ್ತೆ ಹೇಳಿದಳು. ನಜೀರ್ ಕುರ್ಚಿಯನ್ನು ಕಿಟಕಿಯ ಹತ್ತಿರ ಇಟ್ಟು, ಕಾಲುಗಳಿಗೆ ಮೊಳೆ ಬಡಿದು ಮುಗಿಸುವವರೆಗೆ ಇದು ನಡೆಯಿತು.

ಆಮೇಲೆ ವಾರಕ್ಕೊಮ್ಮೆ, ಬುಧವಾರ ಮಧ್ಯಾಹ್ನ, ನಜೀರ್ ಅವಳನ್ನು ಅಲ್ಲಿ ಬಿಟ್ಟು ತನ್ನ ಡೆಲಿವರಿಗಳನ್ನು ಮುಗಿಸಿ ಬರುತ್ತಿದ್ದ. ಪುಸ್ತಕದಲ್ಲಿಲ್ಲದ ಊರು ಅಖ್ತರಿಗೆ ಸಿಕ್ಕಿದ್ದು ಅಲ್ಲಿ. ಗುನ್‌ಹಿಲ್ಡ್ ಹುಟ್ಟಿದ ಕೇರಿಯ ಹೆಸರು ಮಾಯೊರ್ನ. ತಂದೆ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಕಬ್ಬಿಣದ ಹಾಳೆ ಜೋಡಿಸುವ ಮೊಳೆಗಳನ್ನು ಬೆಂಕಿಯಲ್ಲಿ ಕಾಯಿಸುವವನು. ಮರದ ಮನೆಗಳಿಗೆ ಬೆಂಕಿ ಬೀಳುತ್ತದೆಂದು ಎರಡಕ್ಕಿಂತ ಹೆಚ್ಚು ಅಂತಸ್ತು ಕಟ್ಟಬಾರದೆಂಬ ಕಾಯಿದೆ ಇತ್ತು. ಕೂಲಿಕಾರರಿಗೆ ಮನೆ ಸಾಲದು. ಕಟ್ಟುವವರು ಒಂದು ಉಪಾಯ ಮಾಡಿದರು: ಕೆಳಗಿನ ಅಂತಸ್ತನ್ನು ಕಲ್ಲಿನದು ಮಾಡಿ, ಅದರ ಮೇಲೆ ಮರದ ಎರಡು ಅಂತಸ್ತು ಎಬ್ಬಿಸಿ, ಮರದ್ದು ಎರಡೇ ಇವೆ ನೋಡಿ ಎಂದರು. ಗವರ್ನರ್ ಸರಿ ಎಂದುಬಿಟ್ಟ. ಅವಕ್ಕೆ ಗವರ್ನರ್ ಮನೆ ಎಂದೇ ಹೆಸರಾಯಿತು. ಗುನ್‌ಹಿಲ್ಡ್ ಬೆಳೆದದ್ದು ಅಂಥ ಒಂದರ ಮೂರನೆಯ ಅಂತಸ್ತಿನಲ್ಲಿ. ಇದನ್ನು ಕೇಳಿ ಅಖ್ತರಿ ಬಹಳ ನಕ್ಕಳು. ಹಳ್ಳಿಯಿಂದ ಹೊಸದಾಗಿ ಬಂದ ಹುಡುಗಿಯೊಬ್ಬಳು ಮೀನಿನ ಮನೆಯ ಒಳಗೆ ಹೋಗಿ, ಚರ್ಚೆಂದೇ ತಿಳಿದು ಮಂಡಿ ಬಗ್ಗಿಸಿದ್ದನ್ನು ಗುನ್‌ಹಿಲ್ಡ್ ಕಣ್ಣಾರೆ ಕಂಡಿದ್ದಳು.

ನವೆಂಬರಿನ ಮೂರನೆಯ ವಾರ ಗುನ್‌ಹಿಲ್ಡ್, ಇವತ್ತು ಹೊರಗೆ ಹೋಗೋಣ ಎಂದಳು. ಯೊತೆಬೊರ್ಯ್‌ನ ಚೌಕವೊಂದರಲ್ಲಿ ಸಮುದ್ರದೇವನ ಕಂಚಿನ ಪ್ರತಿಮೆ ಇದೆ, ಇಪ್ಪತ್ತು ಅಡಿಗೂ ಎತ್ತರ, ಒಂದು ಕೈಯಲ್ಲಿ ಮೀನು. 1931ರಲ್ಲಿ ಅದನ್ನು ನಿಲ್ಲಿಸಿದ ದಿನ ಅವಳು ಹದಿನಾಲ್ಕರ ಹುಡುಗಿ, ಗುಂಪಿನಲ್ಲಿ ನಿಂತಿದ್ದಳು. ಅದನ್ನು ಮಾಡಿದ ಶಿಲ್ಪಿ ಅದೇ ವರ್ಷ ಮಿಶಿಗನ್ನಿಗೆ ಬಂದು, ಇಲ್ಲಿಂದ ನಾಲ್ಕೇ ಮೈಲಿ ದೂರದ ಕ್ರ್ಯಾನ್‌ಬ್ರೂಕ್ ಕಲಾಶಾಲೆಯಲ್ಲಿ ಇಪ್ಪತ್ತು ವರ್ಷ ಇದ್ದ. ಅವನ ಪ್ರತಿಮೆಗಳು ಅಲ್ಲಿಯ ಅಂಗಳಗಳಲ್ಲಿ ಈಗಲೂ ಇವೆ. ಅಖ್ತರಿ ಹತ್ತು ವರ್ಷದಿಂದ ಆ ಗೇಟಿನ ಮುಂದೆ ಹಾದುಹೋಗುತ್ತಿದ್ದಳು.

ಮೂವರೂ ವ್ಯಾನಿನಲ್ಲಿ ಹೋದರು. ಫ್ಯಾರನ್‌ಹೀಟ್ ಲೆಕ್ಕದ ನಲವತ್ತೊಂದು ಡಿಗ್ರಿ ಚಳಿ. ಕಾರಂಜಿಗಳನ್ನು ಚಳಿಗಾಲಕ್ಕೆ ನಿಲ್ಲಿಸಿದ್ದರು. ಒಣಗಿದ ತೊಟ್ಟಿಯಲ್ಲಿ ಮೀನು, ಶಂಖ ಹಿಡಿದ ಕಂಚಿನ ಆಳುಗಳು ಬತ್ತಲೆ ನಿಂತಿದ್ದರು. ನಜೀರ್ ಒಮ್ಮೆ ನೋಡಿ ತಲೆ ತಗ್ಗಿಸಿದ, ವ್ಯಾನಿನಲ್ಲಿ ಕೂತಿರುತ್ತೇನೆ ಎಂದು ಹೊರಟುಹೋದ. ಅಖ್ತರಿಗೂ ಸಂಕೋಚವಾಯಿತು, ಆದರೆ ನಿಂತು ನೋಡಿದಳು. ಯೊತೆಬೊರ್ಯ್‌ನಲ್ಲೂ ಆಗ ಇದೇ ವಿಷಯಕ್ಕೆ ಗದ್ದಲವಾಗಿತ್ತೆಂದೂ, ತನ್ನ ತಾಯಿ ತನ್ನನ್ನು ಆ ಪ್ರತಿಮೆಯ ಬೆನ್ನ ಕಡೆಯಿಂದಷ್ಟೇ ನೋಡಲು ಬಿಟ್ಟಳೆಂದೂ ಗುನ್‌ಹಿಲ್ಡ್ ಹೇಳಿದಳು.

ತಾಯಿಯ ಮಾತು ಬಂದದ್ದರಿಂದಲೋ ಏನೋ, ಕಲ್ಲಿನ ಬೆಂಚಿನ ಮೇಲೆ ಕೂತು ಅವಳು ತಾನು ಊರು ಬಿಟ್ಟದ್ದನ್ನು ಹೇಳಿದಳು. 1948. ಅವಳಿಗೆ ಮೂವತ್ತೊಂದು. ಬ್ಲೂಮ್‌ಫೀಲ್ಡ್ ಹಿಲ್ಸ್‌ನ ಶ್ರೀಮಂತರ ಮನೆಯೊಂದರಲ್ಲಿ ಅಡುಗೆಯ ಕೆಲಸ ಸಿಕ್ಕಿತ್ತು. ತಾಯಿ ಹಾಸಿಗೆ ಹಿಡಿದಿದ್ದಳು. ಮನೆ ನೋಡಿಕೊಳ್ಳಬೇಕಾದವಳು ನೀನು ಎಂದು ತಂದೆ ಮಾತು ಬಿಟ್ಟಿದ್ದ. ಹಡಗು ಹೊರಡುವಾಗ ದಂಡೆಯ ತುಂಬ ಜನ ಕರವಸ್ತ್ರ ಬೀಸುತ್ತಿದ್ದರು, ಅವಳಿಗಾಗಿ ಯಾರೂ ಬಂದಿರಲಿಲ್ಲ. ಮುಂದಿನ ವಸಂತದಲ್ಲಿ ತಾಯಿ ಹೋದಳು. ಕಾಗದ ತಲುಪಿದ್ದು ಮಣ್ಣು ಮಾಡಿದ ಮೇಲೆ. ಗುನ್‌ಹಿಲ್ಡ್ ಆಮೇಲೆ ಒಮ್ಮೆಯೂ ಊರಿಗೆ ಹೋಗಲಿಲ್ಲ. ಮೊದಲು ಹಣ ಇರಲಿಲ್ಲ, ಆಮೇಲೆ ಹಣ ಇತ್ತು, ಹೋಗಲು ಮುಖ ಇರಲಿಲ್ಲ.

ಅಖ್ತರಿಯ ಕೈಯಲ್ಲಿ ಪೆನ್ನು ಇತ್ತು. ಗುನ್‌ಹಿಲ್ಡ್ ಅದನ್ನು ನೋಡಿದಳು.

“ಇದನ್ನು ಬರೆದುಕೊಳ್ಳಬೇಡ,” ಎಂದಳು. “ಇದು ಊರಿನ ವಿಷಯ ಅಲ್ಲ.”

ಅಖ್ತರಿ ಪೆನ್ನು ಮುಚ್ಚಿದಳು. ಕನ್ನಡದಲ್ಲಾದರೆ ಏನಾದರೂ ಹೇಳಬಹುದಿತ್ತು ಎಂದು ಆಮೇಲೆ ಜಯಾಳಿಗೆ ಹೇಳಿದಳು. ಏನು ಹೇಳುತ್ತಿದ್ದೆ ಎಂದು ಜಯಾ ಕೇಳಿದರೆ ಅದು ಅವಳಿಗೇ ತಿಳಿದಿರಲಿಲ್ಲ.

ಡಿಸೆಂಬರ್ ಹತ್ತನೆಯ ತಾರೀಖು ಭಾಷಣ. ಲುಬ್ನಾ ಮನೆಯಲ್ಲಿ ಗಡಿಯಾರ ಹಿಡಿದು ನಾಲ್ಕು ಸಲ ಮಾಡಿಸಿದ್ದಳು. ನಾಲ್ಕು ನಿಮಿಷ ಐವತ್ತು ಸೆಕೆಂಡಿಗೆ ಸರಿಯಾಗಿ ಮುಗಿಯುತ್ತಿತ್ತು. ಅಖ್ತರಿ ತಿಳಿ ಹಸಿರು ಸಲ್ವಾರ್ ಹಾಕಿ, ತಲೆಯ ಮೇಲೆ ಬಿಳಿ ದುಪಟ್ಟಾ ಹೊದ್ದು, ಕಾರ್ಡುಗಳನ್ನು ಹಿಡಿದು ನಿಂತಳು. ಹದಿನಾರು ಜನ ಕೂತಿದ್ದರು. ನಾನು ಹೇಳುವ ಊರು ಯೊತೆಬೊರ್ಯ್ ಎಂದು ಶುರು ಮಾಡಿದಳು. ಗಾಥನ್‌ಬರ್ಗ್ ಎಂದು ಮಿಸೆಸ್ ಹಾರ್ಪರ್ ಮೆಲ್ಲಗೆ ತಿದ್ದಿದರು. ಅಖ್ತರಿ ಮುಂದುವರಿದಳು. ಎರಡನೆಯ ಸಲ ಆ ಹೆಸರು ಬಂದಾಗ ಟೀಚರು ಮತ್ತೆ ತಿದ್ದಿ, ಇದು ಇಂಗ್ಲಿಷ್ ತರಗತಿ, ಇಂಗ್ಲಿಷಿನ ಹೆಸರು ಬಳಸಿ ಎಂದರು. ಅದು ನ್ಯಾಯವಾದ ಮಾತೇ. ಅಖ್ತರಿ ಕಾರ್ಡುಗಳನ್ನು ಮೇಜಿನ ಮೇಲಿಟ್ಟಳು.

“ಮಿಸೆಸ್ ಹಾರ್ಪರ್, ಒಂದು ವರ್ಷದಿಂದ ನೀವು ನನ್ನನ್ನು ಆಕ್ಟರಿ ಅಂತ ಕರೀತೀರಿ,” ಎಂದು ತಡೆತಡೆದು ಇಂಗ್ಲಿಷಿನಲ್ಲಿ ಹೇಳಿದಳು. “ನನ್ನ ಹೆಸರು ಅಖ್ತರಿ. ನಾನು ಹೇಳಲಿಲ್ಲ, ಅದು ನನ್ನ ತಪ್ಪು. ಈ ಊರಿನ ಹೆಸರನ್ನ ನನಗೆ ಆ ಊರಿನವರೇ ಹೇಳಿಕೊಟ್ಟಿದ್ದಾರೆ. ಅದನ್ನ ತಪ್ಪು ಹೇಳೋಕೆ ನನ್ನಿಂದ ಆಗಲ್ಲ.”

ಮಿಸೆಸ್ ಹಾರ್ಪರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮುಂದುವರಿಸಿ ಎಂದರು.

ಅಖ್ತರಿ ಕಾರ್ಡುಗಳನ್ನು ಮತ್ತೆ ಎತ್ತಿಕೊಳ್ಳಲಿಲ್ಲ. ಡಚ್ಚರು, ಜೇಡಿಮಣ್ಣು, ಹೆರಿಂಗಿನ ಎಣ್ಣೆ, ಎಲ್ಲ ತನ್ನಷ್ಟಕ್ಕೆ ಬಂದವು. ಐದು ನಿಮಿಷಕ್ಕೆ ಗಂಟೆ ಬಾರಿಸಿದಾಗ ಹಡಗು ಇನ್ನೂ ಚೀನಾದಲ್ಲಿತ್ತು. ಅದನ್ನು ಅಲ್ಲೇ ಬಿಟ್ಟು ಕೂರುವುದು ಅವಳಿಂದಾಗಲಿಲ್ಲ. ಹಡಗನ್ನು ತಂದಳು, ಬಂಡೆಗೆ ಬಡಿಸಿದಳು, ಎಲ್ಲರನ್ನೂ ದಡಕ್ಕೆ ಸೇರಿಸಿದಳು. ಗವರ್ನರ್ ಮನೆಗಳನ್ನು ಬೋರ್ಡಿನ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದಳು. ರಷ್ಯಾದ ಮುದುಕ ನಡುವೆ ಪ್ರಶ್ನೆ ಕೇಳಿದ, ಅದಕ್ಕೂ ಉತ್ತರ ಕೊಟ್ಟಳು. ಕಲ್ಲಿನ ಬೆಂಚಿನ ಮೇಲೆ ಕೇಳಿದ್ದನ್ನು ಮಾತ್ರ ಹೇಳಲಿಲ್ಲ. ಕೂತಾಗ ಹನ್ನೊಂದು ನಿಮಿಷ ಕಳೆದಿತ್ತು. ಇರಾಕಿನ ಹೆಂಗಸು ಚಪ್ಪಾಳೆ ಶುರು ಮಾಡಿದಳು.

ಫಲಿತಾಂಶ ಮುಂದಿನ ಮಂಗಳವಾರ ಬಂತು. ವಿಷಯಕ್ಕೆ ಪೂರ್ತಿ ಅಂಕ, ಮಾತಿಗೆ ಒಳ್ಳೆಯ ಅಂಕ, ಸಮಯಕ್ಕೆ ಸೊನ್ನೆ. ಎರಡು ನಿಮಿಷಕ್ಕಿಂತ ಹೆಚ್ಚು ಮೀರಿದರೆ ಆ ಹಂತ ಮತ್ತೆ ಓದಬೇಕು ಎಂಬುದು ನಿಯಮ. ಮಿಸೆಸ್ ಹಾರ್ಪರ್ ಅವಳನ್ನು ಪಕ್ಕಕ್ಕೆ ಕರೆದು, ನನಗೂ ಬೇಸರವಿದೆ, ಆದರೆ ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕು ಎಂದರು. ಮಾತಿನ ಕೊನೆಗೆ ಅವಳ ಹೆಸರನ್ನು ನಿಧಾನವಾಗಿ, ಗಂಟಲಿನಿಂದ ತೆಗೆದು ಹೇಳಿದರು. ಪೂರ್ತಿ ಸರಿಯಾಗಲಿಲ್ಲ, ಆದರೂ ಮೊದಲಿಗಿಂತ ವಾಸಿ.

ಕಾರಿನಲ್ಲಿ ಜಯಾ ಸಿಟ್ಟಾದಳು. “ಕಂಪ್ಲೇಂಟ್ ಮಾಡಿ ಅಖ್ತರಿ. ಇಡೀ ಕ್ಲಾಸಲ್ಲಿ ನಿಮ್ಮಷ್ಟು ಚೆನ್ನಾಗಿ ಯಾರೂ ಮಾತಾಡಿಲ್ಲ. ಲೆಟರ್ ನಾನು ಬರ್ಕೊಡ್ತೀನಿ.”

“ಐದು ನಿಮಿಷ ಅಂತ ಹೇಳಿದ್ರು, ನಾ ಹನ್ನೊಂದು ಮಾತಾಡಿದೆ,” ಎಂದಳು ಅಖ್ತರಿ. “ಅದೂ ಖರೇನ ಐತಲ್ಲ.”

ಮನೆಯಲ್ಲಿ ನಜೀರನಿಗೆ ಹೇಳಿದಾಗ ಅವನು, ಹನ್ನೊಂದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದಿಯಾ ಎಂದು ಕೇಳಿದ. ಹೌದು ಎಂದಳು. ಮರುದಿನವೇ ಅಂಗಡಿಯ ಫೋನನ್ನು ಹಿಂದಿನ ಕೋಣೆಗೆ, ಅವಳ ಮಿಷಿನ್ನಿನ ಪಕ್ಕಕ್ಕೆ ಎಳೆಸಿದ. ಮೇ ತಿಂಗಳಲ್ಲಿ ಅವಳು ಕುರ್ಚಿಗೆ ಬಟ್ಟೆ ಹೊದಿಸುವ ವಿಧಾನದ ಬಗ್ಗೆ ನಾಲ್ಕೂವರೆ ನಿಮಿಷ ಮಾತಾಡಿ ಪಾಸಾದಳು. ಆ ಭಾಷಣ ಅಷ್ಟೇನೂ ಚೆನ್ನಾಗಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

1999ರ ಬೇಸಿಗೆಯಲ್ಲಿ ಗುನ್‌ಹಿಲ್ಡ್ ಮನೆ ಮಾರಿ ಶಾಮ್‌ಬರ್ಗ್‌ಗೆ ಮಗನ ಬಳಿ ಹೋದಳು. ಸಾಮಾನು ಕಟ್ಟಿಕೊಟ್ಟವನು ನಜೀರ್. ಆಮೇಲೆ ಭಾನುವಾರಗಳಂದು ಅಖ್ತರಿ ಫೋನ್ ಮಾಡುತ್ತಿದ್ದಳು. ಇಬ್ಬರಿಗೂ ಇಂಗ್ಲಿಷ್ ಎರಡನೆಯ ಭಾಷೆಯಾದ್ದರಿಂದ ಮುಖ ಕಾಣದೆ ಮಾತು ಸಾಗುವುದು ಕಷ್ಟವಿತ್ತು. ಒಂದು ವರ್ಷದ ನಂತರ ಗುನ್‌ಹಿಲ್ಡ್ ಮಾತಿನ ನಡುವೆ ಜಾಡು ತಪ್ಪತೊಡಗಿದಳು. ಒಂದು ಭಾನುವಾರ ಮಗ ಫೋನ್ ಎತ್ತಿ, ಅಮ್ಮನನ್ನು ಹತ್ತಿರದ ವೃದ್ಧರ ಮನೆಗೆ ಸೇರಿಸಿದ್ದೇವೆ, ಇಂಗ್ಲಿಷ್ ಮರೆತುಹೋಗಿದೆ, ಬರೀ ಸ್ವೀಡಿಷ್ ಮಾತಾಡುತ್ತಾಳೆ, ನನಗೆ ಆ ಭಾಷೆ ಕಲಿಸಿರಲಿಲ್ಲ ಎಂದ.

ಅಷ್ಟರಲ್ಲಿ ಅಖ್ತರಿ ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಂಡಿದ್ದಳು. 2001ರ ಮಾರ್ಚ್ ತಿಂಗಳ ಒಂದು ಶನಿವಾರ ಬೆಳಗ್ಗೆ ಆರಕ್ಕೆ ಲುಬ್ನಾಳನ್ನು ಕೂರಿಸಿಕೊಂಡು ಹೊರಟಳು. ಐ-94 ಹೆದ್ದಾರಿಯಲ್ಲಿ ಇನ್ನೂರೆಂಬತ್ತು ಮೈಲಿ. ಲುಬ್ನಾ ನಕ್ಷೆ ಹಿಡಿದು ಎಕ್ಸಿಟ್‌ಗಳನ್ನು ಹೇಳಿದಳು.

ಗುನ್‌ಹಿಲ್ಡ್ ಕಿಟಕಿಯ ಹತ್ತಿರ ಗಾಲಿಕುರ್ಚಿಯಲ್ಲಿದ್ದಳು. ಅಖ್ತರಿಯನ್ನು ನೋಡಿದಳು, ಗುರುತು ಹಿಡಿಯಲಿಲ್ಲ. ತನ್ನ ಭಾಷೆಯಲ್ಲಿ ಏನೋ ಹೇಳತೊಡಗಿದಳು. ಅಖ್ತರಿಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಆ ಮಾತಿನ ನಡುವೆ ಊರಿನ ಕೇರಿ, ಜಾಗಗಳ ಹೆಸರುಗಳು ಬರುತ್ತಿದ್ದವು, ಅವಷ್ಟೂ ಅವಳಿಗೆ ಗೊತ್ತಿದ್ದವು. ಮಾಯೊರ್ನ ಎಂದಳು ಮುದುಕಿ. ಮಾಯೊರ್ನ ಎಂದು ಅಖ್ತರಿ ತಲೆ ಆಡಿಸಿದಳು. ಮುದುಕಿ ಅವಳ ಮಣಿಕಟ್ಟು ಹಿಡಿದು ಇನ್ನೂ ವೇಗವಾಗಿ ಮಾತಾಡಿದಳು. ಅಖ್ತರಿ ಬಂದರಿನ ಹೆಸರು, ಕಾಲುವೆಯ ಹೆಸರು, ಮೀನಿನ ಮನೆಯ ಹೆಸರು ಹೇಳಿದಳು. ಪ್ರತಿಯೊಂದಕ್ಕೂ ಗುನ್‌ಹಿಲ್ಡ್ ಏನೋ ಸೇರಿಸಿದಳು. ಒಂದು ಗಂಟೆ ಹೀಗೆ ಕಳೆಯಿತು. ನಡುವೆ ಮುದುಕಿ ಎರಡು ಸಲ ನಕ್ಕಳು.

ಹೊರಡುವಾಗ ನರ್ಸ್, ನಿಮಗೆ ಸ್ವೀಡಿಷ್ ಬರುತ್ತದಾ ಎಂದು ಕೇಳಿದಳು. ಇಲ್ಲ ಎಂದಳು ಅಖ್ತರಿ. ಸಂಜೆಯಾದರೆ ಅವರು ಮಾಯೊರ್ನ ಮಾಯೊರ್ನ ಎಂದು ಅಳುತ್ತಾರೆ, ಯಾರದೋ ಹೆಸರು ಅಂದುಕೊಂಡಿದ್ದೆವು ಎಂದಳು ನರ್ಸ್. ಅದು ಹುಟ್ಟಿದ ಕೇರಿಯ ಹೆಸರು, ಮನೆಗೆ ಹೋಗಬೇಕು ಅನ್ನುತ್ತಿದ್ದಾರೆ ಎಂದು ಅಖ್ತರಿ ಹೇಳಿದಳು. ನರ್ಸ್ ಅದನ್ನು ಕಾಗದದ ಮೇಲೆ ಬರೆದುಕೊಂಡಳು.

ಅಖ್ತರಿ ಇನ್ನೆರಡು ಸಲ ಹೋಗಿಬಂದಳು. ಗುನ್‌ಹಿಲ್ಡ್ 2003ರ ಫೆಬ್ರವರಿಯಲ್ಲಿ ತೀರಿಕೊಂಡಳು. ಆ ವಾರ ಹಿಮ ಬಿದ್ದು ದಾರಿ ಕೆಟ್ಟಿದ್ದರಿಂದ ಮಣ್ಣಿಗೆ ಹೋಗಲು ಆಗಲಿಲ್ಲ. ಏಪ್ರಿಲಿನಲ್ಲಿ ಗಂಡಹೆಂಡತಿ ಇಬ್ಬರೂ ಅವಳ ಸಮಾಧಿಗೆ ಹೋದರು. ಕಲ್ಲಿನ ಮೇಲೆ ಹೆಸರು ಮತ್ತು ಎರಡು ಇಸವಿಗಳಿದ್ದವು, ಊರು ಬರೆಸಿರಲಿಲ್ಲ. ನಜೀರ್ ಕೈಕಟ್ಟಿ ನಿಂತಿದ್ದ. ಗಾಳಿ ಜೋರಾಗಿತ್ತು, ಬಹಳ ಹೊತ್ತು ನಿಲ್ಲಲಾಗಲಿಲ್ಲ. ಅಲ್ಲಿಂದ ಶಿಕಾಗೋದಲ್ಲಿ ಇಂಡಿಯದವರ ಅಂಗಡಿಗಳಿರುವ ಡೆವಾನ್ ಅವೆನ್ಯೂಗೆ ಹೋಗಿ ಊಟ ಮಾಡಿದರು. ಜೋಳದ ಹಿಟ್ಟಿನ ಹತ್ತು ಪೌಂಡಿನ ಎರಡು ಚೀಲ ತಗೊಂಡು, ಕತ್ತಲಾಗುವ ಮೊದಲೇ ಮನೆಯ ದಾರಿಯಲ್ಲಿ ಗ್ಯಾರಿ ಊರನ್ನು ದಾಟಿದರು.